ಎಂಟನೇ ದಿನದ ಸುಳ್ಳು

ಕುಡುಗೋಲು ಎತ್ತಿದ ಅತ್ತೆಯ ಕೈಯನ್ನು ವರದಮ್ಮ ಗಟ್ಟಿಯಾಗಿ ಹಿಡಿದುಬಿಟ್ಟಳು! ಈ ಮನೆಗೆ ಬಂದಾಗಿನಿಂದ ಒಂದೂ ಎದುರು ಮಾತಾಡದವಳು ಇವತ್ತು ಕೈಯನ್ನೇ ತಡೆದಿದ್ದಳು. ಚಾಪೆಯ ಮೇಲೆ ನಾದಿನಿ ಹಾಲಮ್ಮ ಬೆವೆತು ಸುಸ್ತಾಗಿ ಮಲಗಿದ್ದಳು. ಆಗಷ್ಟೇ ಹುಟ್ಟಿದ ಗಂಡುಕೂಸು, ಹೊಕ್ಕುಳಬಳ್ಳಿ ಇನ್ನೂ ಹಾಗೇ ಇದ್ದು, ಕೈಕಾಲು ಬಡಿದು ಅಳುತ್ತಿತ್ತು.

"ಬಿಡೇ ಕೈ!" ಊರಿನ ಸೂಲಗಿತ್ತಿಯಾದ ಅತ್ತೆ ಗುಡ್ಡಮ್ಮ ಗುಡುಗಿದಳು. "ಕುಬಟೂರಾಗೆ ಅರ್ಧ ಊರನ್ನ ಇದೇ ಕುಡುಗೋಲು ಭೂಮಿಗೆ ಇಳಿಸೈತೆ. ನಿನ್ನೆ ಮೊನ್ನೆ ಕಲ್ತು ಬಂದೋಳು ನಂಗೆ ಹೇಳಾಕೆ ಬರ್ತೀಯೇನೆ? ಹೆತ್ತ ಕೂಸನ್ನ ಎಂಟು ದಿನ ಉಳಿಸ್ಕಳ್ಳಾಕೆ ಆಗ್ಲಿಲ್ಲ ನಿಂಗೆ!"

ಹೌದು, ಉಳಿಯಲಿಲ್ಲ. ಮೂರು ವರ್ಷದ ಹಿಂದೆ ವರದಮ್ಮನ ಚೊಚ್ಚಲ ಮಗು ಎಂಟನೇ ದಿನ ಬಾಯಿ ಬಿಗಿದುಕೊಂಡು, ಮೊಲೆ ಚೀಪಲಾಗದೆ, ಮೈಯೆಲ್ಲ ಸೆಟೆದು ತೀರಿಕೊಂಡಿತ್ತು. ಊರಿನ ಬಾಯಿಗೆ ಬೀಗ ಹಾಕುವವರು ಯಾರು? ಸೊಸೆಯ ಕಾಲ್ಗುಣ ಅಂದರು. ಅತ್ತೆಯೂ ಅಂದಳು. ಅಂದಿನಿಂದ ಯಾರ ಮನೆಯ ತೊಟ್ಟಿಲ ಶಾಸ್ತ್ರಕ್ಕೂ ಅವಳನ್ನು ಕರೆಯುತ್ತಿರಲಿಲ್ಲ, ಎಳೆಗೂಸನ್ನು ಎತ್ತಿಕೊಳ್ಳಲು ಬಿಡುತ್ತಿರಲಿಲ್ಲ. ಇವತ್ತು ಹಾಲಮ್ಮ ಹಟ ಹಿಡಿದಿದ್ದಕ್ಕಷ್ಟೇ ಅವಳು ಈ ಕೋಣೆಗೆ ಕಾಲಿಟ್ಟಿದ್ದಳು.

ಹೋದ ವರ್ಷ ಹಳ್ಳಿಯ ಹೆಂಗಸರಿಗೆ ಸರ್ಕಾರದವರು ಹೆರಿಗೆ ಮಾಡಿಸುವುದನ್ನು ಕಲಿಸುತ್ತಾರೆಂದು ಕೇಳಿ ಗಂಡ ಸಣ್ಣಬೀರಪ್ಪನೇ ಅವಳನ್ನು ಶಿಕಾರಿಪುರದ ಬಸ್ಸು ಹತ್ತಿಸಿದ್ದ. ಅಲ್ಲಿ ಒಂದು ಮಧ್ಯಾಹ್ನ ನರ್ಸಮ್ಮ ಹೇಳಿದಳು: ಕುದಿಸದ ಕಬ್ಬಿಣದಲ್ಲಿ ಬಳ್ಳಿ ಕೊಯ್ದು, ಹೊಕ್ಕುಳಿಗೆ ಸಗಣಿ ಬೂದಿ ಮೆತ್ತಿದರೆ ನಂಜೇರಿ ಕೂಸಿನ ಬಾಯಿ ಬಿಗಿಯುತ್ತದೆ. ವರದಮ್ಮ ಕೂತಲ್ಲೇ ಕಲ್ಲಾದಳು. ತನ್ನ ಕಂದನ ಬಳ್ಳಿ ಕೊಯ್ದದ್ದು ಅತ್ತೆಯ ಕುಡುಗೋಲು, ಬೂದಿ ಮೆತ್ತಿದ್ದು ಅತ್ತೆಯ ಕೈ! ಆದರೆ ಯಾವ ಬಾಯಲ್ಲಿ ಹೇಳಿಯಾಳು? ಮೊಮ್ಮಗ ಹೋದ ದಿನ ಎದೆ ಬಡಿದುಕೊಂಡು ಅತ್ತ ಜೀವ ಅದು. ವರದಮ್ಮ ಗಂಡನಿಗೂ ಬಾಯಿಬಿಡಲಿಲ್ಲ.

"ಅತ್ತೆ, ಕಾಲಿಗೆ ಬೀಳ್ತೀನಿ..." ಅವಳ ಕಣ್ಣು ತುಂಬಿತು. "ಕೈ ನಿಮ್ದೇ ಇರ್ಲಿ. ನಿಮ್ಮ ಕೈಗುಣ ನಂಗೆಲ್ಲಿ ಬರ್ಬೇಕು? ಸೋಪು ಹಚ್ಚಿ ತೊಳ್ಕಳ್ರಿ, ಕುದಿಸಿಟ್ಟ ಈ ಕತ್ತರೀಲಿ ಕೊಯ್ರಿ. ಬೂದಿ ಒಂದು ಬ್ಯಾಡ!"

"ಅವ್ವಾ, ಅತ್ತಿಗೆ ಹೇಳ್ದಂಗೆ ಮಾಡೇ..." ಹಾಲಮ್ಮ ಮಲಗಿದ್ದಲ್ಲಿಂದಲೇ ಗೋಗರೆದಳು.

ಹೆತ್ತ ಮಗಳ ಮಾತು! ಗುಡ್ಡಮ್ಮ ಗೊಣಗುತ್ತಲೇ ಕೈ ತೊಳೆದಳು, ಕತ್ತರಿಯಲ್ಲಿ ಬಳ್ಳಿ ಕೊಯ್ದಳು. ಎಲ್ಲ ಮುಗಿದದ್ದೇ ತಡ, "ಇನ್ನು ಹೊರಗೆ ನಡಿ. ಕೂಸಿನ ಮ್ಯಾಲೆ ನಿನ್ನ ನೆಳ್ಳು ಬ್ಯಾಡ" ಅಂದಳು. ವರದಮ್ಮ ಶಿಕಾರಿಪುರದಲ್ಲಿ ಕೊಟ್ಟಿದ್ದ ತಗಡಿನ ಪೆಟ್ಟಿಗೆಗೆ ಕತ್ತರಿ ಹಾಕಿ, ಎತ್ತಿಕೊಂಡು ಹೊರಟಳು.

ಎಂಟನೇ ದಿನ ಬಂತು. ಗುಡ್ಡಮ್ಮ ಬೆಳಗಿನಿಂದ ಗಂಜಿಯನ್ನೂ ಮುಟ್ಟದೆ ಕೂಸಿನ ಬಾಯಿಯನ್ನೇ ನೋಡುತ್ತಾ ಕೂತಳು. ಕೂಸು ಹಾಲು ಕುಡಿಯಿತು, ಕಕ್ಕಿತು, ಮತ್ತೆ ಚಪ್ಪರಿಸಿ ಕುಡಿಯಿತು. ಸಂಜೆ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದ ಸೊಸೆಯ ಬಳಿ ಮುದುಕಿ ಬಂದು ನಿಂತಳು.

"ವರದೀ... ಕೆಂಪಪ್ಪನ ಮನೇವು ಎರಡು ಕೂಸು, ನಿಂದೊಂದು... ಎಲ್ಲಾ ಹಿಂಗೇ ಎಂಟರ ಆಸುಪಾಸಿಗೆ ಹೋದ್ವು. ಎಲ್ಲಾ ಬಾಯಿ ಬಿಗಿದೇ. ಎಲ್ಲಾ ನಾನೇ ಹೆರಿಗೆ ಮಾಡ್ಸಿದ್ದು." ಮುದುಕಿ ಇನ್ನೊಂದು ಹೆಜ್ಜೆ ಹತ್ತಿರ ಬಂದಳು. "ನಿಜ ಹೇಳೇ. ನಿನ್ನ ಕೂಸು... ನನ್ನ ಕೈಯಾಗೇ ಹೋತೇನೆ?"

ಹಾಲಿನ ಧಾರೆ ನಿಂತಿತು. ಮೂರು ವರ್ಷದ ಅಪವಾದ ತೊಳೆದುಕೊಳ್ಳಲು ಒಂದೇ ಒಂದು 'ಹೌದು' ಸಾಕಿತ್ತು! ವರದಮ್ಮ ತಲೆ ಎತ್ತಿ ಅತ್ತೆಯ ಕೈ ನೋಡಿದಳು. ಸುಕ್ಕುಗಟ್ಟಿದ ಬೆರಳುಗಳು ಸೆರಗಿನ ತುದಿಯನ್ನು ಹಿಂಡುತ್ತಿದ್ದವು.

"ಇಲ್ಲ ಅತ್ತೆ... ಅದರ ಆಯಸ್ಸೇ ಅಷ್ಟಿತ್ತು."

ಗುಡ್ಡಮ್ಮ ಒಳಗೆ ಹೋದಳು.

ಹದಿಮೂರನೇ ದಿನ ತೊಟ್ಟಿಲ ಶಾಸ್ತ್ರ. ನಡುಮನೆಯ ತುಂಬ ಹೆಂಗಸರು. ವರದಮ್ಮ ಎಂದಿನಂತೆ ಒಲೆಯ ಮುಂದೆ. ಗುಡ್ಡಮ್ಮ ಸರಸರ ಬಂದವಳೇ ಅವಳ ರಟ್ಟೆ ಹಿಡಿದು ಎಳೆತಂದು, ಕೂಸನ್ನು ಅವಳ ಕೈಗಿಟ್ಟಳು.

"ಅಯ್ಯೋ, ಮಗು ತಿಂದೋಳ ಕೈಗೆ ಕೂಸು ಕೊಡ್ತಾರೇನೆ ಗುಡ್ಡಮ್ಮ?" ನೆರೆಮನೆಯ ಮಾಸ್ತಮ್ಮ ಬಾಯಿಗೆ ಸೆರಗಿಟ್ಟಳು.

"ತಿಂದಿದ್ದು ಅವಳಲ್ಲ ಕಣ್ರೇ, ನಾನು! ನನ್ನ ಕುಡುಗೋಲು, ನನ್ನ ಬೂದಿ! ಗೊತ್ತಿಲ್ದೆ ಮಾಡ್ದೆ, ಮಾಡಿ ಅವಳ ತಲೆಗೆ ಕಟ್ಟಿದೆ. ಮೊನ್ನೆ ಕೇಳಿದ್ರೆ ಆಯಸ್ಸು ಅಂದ್ಲು... ಈ ಮುದುಕಿ ಎದೆ ಒಡೀಬಾರ್ದು ಅಂತ ಸುಳ್ಳು ಹೇಳಿದ್ಲು, ನನ್ನ ತಾಯಿ!" ಗುಡ್ಡಮ್ಮ ಬಿಕ್ಕಿದಳು. "ಇನ್ಮುಂದೆ ಊರಾಗೆ ಯಾರಿಗೆ ನೋವು ಬಂದ್ರೂ ಅವಳನ್ನ ಕರೀರಿ. ನೀರು ಕುದಿಸಾಕೆ ನಾ ಬರ್ತೀನಿ."

ಮಾಸ್ತಮ್ಮ ಕಣ್ಣೊರೆಸಿಕೊಂಡು ಕೂಸಿನ ಕೆನ್ನೆ ಮುಟ್ಟಲು ಕೈ ಚಾಚಿದಳು.

"ತಡಿಯೇ!" ಗುಡ್ಡಮ್ಮ ಅಳುತ್ತಲೇ ಗದರಿದಳು. "ಸೋಪು ಹಚ್ಚಿ ಕೈ ತೊಳ್ಕಂಡು ಬಾ!"

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಆ ಸದ್ದಿಗೆ ಕೂಸು ಎಚ್ಚರಗೊಂಡು ಬಾಯಿ ಅಗಲಿಸಿ ಆಕಳಿಸಿತು. ಅತ್ತೆ ಸೊಸೆ ಇಬ್ಬರೂ ಆ ಪುಟ್ಟ ಬಾಯಿಯನ್ನೇ ನೋಡುತ್ತಾ ಅತ್ತರು.