ನೀರು ಸೋರದ ಟೋಪಿ

"ನೀನು ಸಬಿನಾ ಅಲ್ಲ!"

ಕಾಸಿಯಾನೊ ಗೋಡೆಗೆ ಬೆನ್ನು ಒತ್ತಿ ಕುಳಿತಿದ್ದ. ಸಬಿನಾಳನ್ನು ಆರು ವರ್ಷ ಪ್ರೀತಿಸಿದ ಕಣ್ಣುಗಳೇ ಅವು... ಆದರೆ ಈಗ ಅವುಗಳಲ್ಲಿ ಅವಳಿಗೆ ಜಾಗವೇ ಇರಲಿಲ್ಲ.

ಸಬಿನಾ ಗಂಜಿಯ ಬಟ್ಟಲನ್ನು ಅವನ ಮುಂದಿಟ್ಟಳು.

"ನಾನೇ ಕಣೋ... ನಿನ್ನ ಸಬಿನಾ."

"ಮುಖ ಅವಳದೇ. ಚೆನ್ನಾಗೇ ಕದ್ದಿದ್ದೀಯ. ಸರೋವರದ ತಳದಿಂದ ಎದ್ದು ಬಂದೆ ಅಲ್ವಾ? ನೋಡು, ಕಾಲಿಂದ ಇನ್ನೂ ನೀರು ಸುರೀತಿದೆ!"

ಸಬಿನಾ ಬಗ್ಗಿ ನೋಡಿಕೊಂಡಳು. ಕಾಲು ಒಣಗಿಯೇ ಇತ್ತು.

ಆದರೂ ತಾನು ಬಗ್ಗಿ ನೋಡಿದೆನಲ್ಲ... ಅದೇ ಅವಳನ್ನು ಹೆದರಿಸಿತು.

ಸರೋವರದ ನಡುವಿನ ತಕೀಲೆ ದ್ವೀಪದಲ್ಲಿ ಹೆಣ್ಣು ಕೇಳಲು ಬರುವ ಗಂಡು ತಾನೇ ಹೆಣೆದ ಟೋಪಿ ತರಬೇಕು. ಹೆಣ್ಣಿನ ತಂದೆ ಅದನ್ನು ಮಗುಚಿ ಹಿಡಿದು ನೀರು ತುಂಬುತ್ತಾನೆ. ಸೋರಿದರೆ ಹುಡುಗ ಬಂದ ದಾರಿ ಹಿಡಿಯಬೇಕು. ತಿಂಗಳ ಹಿಂದೆ ಕಾಸಿಯಾನೊನ ಟೋಪಿಯಿಂದ ಒಂದು ಹನಿಯೂ ಇಳಿದಿರಲಿಲ್ಲ.

"ಇದ್ರಲ್ಲಿ ಮೀನು ಸಾಕ್ಬಹುದಲ್ಲಯ್ಯಾ!" ಎಂದು ಸಬಿನಾಳ ತಂದೆ ಫಾಬಿಯಾನ್ ನಕ್ಕಿದ್ದ. ಬುಗ್ಗೆಯವರೆಗೆ ಹತ್ತಲು ಸೋಮಾರಿತನವಾಗಿ, ಅಂದು ಅವನು ತುಂಬಿದ್ದು ಸರೋವರದ ನೀರು.

ಹತ್ತು ದಿನಕ್ಕೆ ಕಾಸಿಯಾನೊನಿಗೆ ಜ್ವರ ಬಂತು. ಜ್ವರ ಇಳಿಯಿತು, ಅವನು ಮಾತ್ರ ಮರಳಲಿಲ್ಲ. ತಾಯಿಯನ್ನು ಗುರುತಿಸುತ್ತಿದ್ದ, ಕುರಿಗಳನ್ನು ಹೆಸರು ಹಿಡಿದು ಕರೆಯುತ್ತಿದ್ದ. ಸಬಿನಾಳ ಮುಖ ಮಾತ್ರ ಅವನಿಗೆ ಯಾರದೋ ಆಗಿತ್ತು.

"ನಿಮ್ಮಪ್ಪ ಸರೋವರದ ನೀರು ತುಂಬಿಸ್ದ," ಎಂದಳು ಅವನ ತಾಯಿ. "ಸರೋವರಕ್ಕೆ ನನ್ನ ಮಗನ ತಲೆಯ ರುಚಿ ಹತ್ತಿತು. ಜೀವ ಎಳ್ಕೊಂಡುಬಿಡ್ತು."

ಹೋದ ಜೀವವನ್ನು ಮರಳಿ ಕರೆಯಲು ಅವಳು ಆ ಟೋಪಿಯನ್ನು ಹಿಡಿದು ಮೂರು ಸಂಜೆ ದಡದಲ್ಲಿ ನಿಂತಳು. "ಕಾಸಿಯಾನೊ... ಮನೆಗೆ ಬಾರಪ್ಪಾ... ಕಾಸಿಯಾನೊ..." ಭೂತಾಯಿಗೆ ಎಲೆ ಇಟ್ಟು ಸಬಿನಾಳೂ ಕೈಮುಗಿದಳು.

ಮೂರನೆಯ ಸಂಜೆ ಗಾಳಿ ನಿಂತಿತು. ನೀರಿನ ಕಡೆಯಿಂದ ಯಾರೋ ಮೆಲ್ಲಗೆ "ಓ..." ಎಂದಂತಾಯಿತು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಮನೆಗೆ ಬಂದಾಗ ಕಾಸಿಯಾನೊ ನೆಲದ ಮೇಲೆ ಸೆಟೆದು ಬಿದ್ದಿದ್ದ. ಬಾಯಲ್ಲಿ ನೊರೆ!

"ಆಚೆ ದಡದ ಪುನೊ ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ," ಎಂದಳು ಸಬಿನಾ.

"ಹೇಗೆ? ನಿನ್ನ ಜೊತೆ ದೋಣಿ ಹತ್ತಲ್ಲ ಅವನು. ನೀನು ಮುಳುಗಿಸ್ತೀಯ ಅಂತಾನೆ!" ಎಂದಳು ಅವನ ತಾಯಿ.

ಫಾಬಿಯಾನ್ ಮಗಳ ಭುಜ ಹಿಡಿದ. "ಬಿಟ್ಬಿಡಮ್ಮಾ. ಜೀವ ಇಲ್ಲದ ಗಂಡಸಿಗೆ ಮಗಳನ್ನ ಹೇಗೆ ಕೊಡ್ಲಿ?"

ಸಬಿನಾ ಆ ಮನೆಯ ಹಿತ್ತಲಿಗೆ ಹೋಗಿ ಕಲ್ಲುಗೋಡೆಗೆ ಹಣೆ ಹಚ್ಚಿ ಅತ್ತಳು. "ಹೋಗೇಬಿಟ್ಯಾ ಕಾಸಿಯಾನೊ?"

ಗೋಡೆಯಾಚೆಯಿಂದ ಪಿಸುಮಾತು.

"ಸಬಿನಾ...? ನೀನೇನೇ? ಎಲ್ಲಿ ಹೋಗಿದ್ದೆ ಇಷ್ಟು ದಿನ?"

ಅವಳು ಗೋಡೆಗೆ ಕಿವಿ ಹಚ್ಚಿದಳು.

"ಒಳಗೆ ಬರ್ಬೇಡ ಕಣೇ. ನಿನ್ನ ಮುಖ ಹಾಕ್ಕೊಂಡು ಒಬ್ಬಳು ಓಡಾಡ್ತಾ ಇದ್ದಾಳೆ..."

ಅವನ ಕಣ್ಣು ಅವಳನ್ನು ಒಲ್ಲೆ ಎನ್ನುತ್ತಿತ್ತು. ಕಿವಿ ಮಾತ್ರ ಅವಳನ್ನು ಬಿಟ್ಟಿರಲಿಲ್ಲ!

ಮರುದಿನ ಬೆಳಗ್ಗೆ ದೋಣಿಯಲ್ಲಿ ಸಬಿನಾ ಕಪ್ಪು ಶಾಲನ್ನು ಮುಖದ ಮೇಲೆ ಎಳೆದುಕೊಂಡು ಅವನ ಬೆನ್ನ ಹಿಂದೆ ಕುಳಿತಳು.

"ತಿರುಗಿ ನೋಡ್ಬೇಡ ಕಾಸಿಯಾನೊ. ಮಾತಾಡ್ತಾ ಇರು."

"ಅವಳು ದೋಣಿಯಲ್ಲಿದ್ದಾಳಾ?"

"...ಇದ್ದಾಳೆ. ಸುಮ್ಮನೆ ಕೂತಿದ್ದಾಳೆ."

"ಅವಳು ನನ್ನನ್ನ ತಳ್ಳಿದ್ರೆ ನೀನು ಹಿಡ್ಕೋತೀಯಲ್ಲ?"

"ಹಿಡ್ಕೋತೀನಿ." ಶಾಲಿನೊಳಗೆ ಕಣ್ಣೀರು ಸದ್ದಿಲ್ಲದೆ ಇಳಿಯುತ್ತಿತ್ತು. ಮೂರು ಗಂಟೆ ಅವನು ತಿರುಗಲಿಲ್ಲ. ಮೂರು ಗಂಟೆ ಅವಳು ಮಾತು ನಿಲ್ಲಿಸಲಿಲ್ಲ.

ಪುನೊದಲ್ಲಿ ಡಾಕ್ಟರ್ ಇಸೌರಾ ಬೆನ್ನುಹುರಿಯ ನೀರು ತೆಗೆದು ಪರೀಕ್ಷಿಸಿದರು.

"ನೋಡಮ್ಮಾ, ಮಿದುಳಿನ ರಕ್ತನಾಳಗಳ ಗೋಡೆ ತುಂಬ ಬಿಗಿ. ರಕ್ತದಲ್ಲಿರೋದನ್ನೆಲ್ಲ ಅದು ಒಳಗೆ ಬಿಡಲ್ಲ. ಸೋಂಕಿನ ಮೇಲೆ ಯುದ್ಧಕ್ಕೆ ಎದ್ದ ಮೈ ಯುದ್ಧ ನಿಲ್ಲಿಸ್ಲಿಲ್ಲ. ಅದಕ್ಕೆ ಉರಿಯೂತ ಅಂತೀವಿ. ಆ ಉರಿಗೆ ಗೋಡೆಯ ಹೆಣಿಗೆ ಸಡಿಲಾಯ್ತು. ಬರಬಾರದ್ದು ಒಳಗೆ ನುಗ್ಗಿತು. ಮೈ ಕಾಯೋ ಕಾವಲುಗಾರರೇ ಒಳಗೆ ಹೋಗಿ ಮನೆಯವರನ್ನ ಹೊಡೀತಿದ್ದಾರೆ. ಅದಕ್ಕೇ ನಿನ್ನ ಮುಖ ಅವನಿಗೆ ಯಾರದೋ ಅನ್ಸೋದು."



"ಅಂದ್ರೆ... ಅವನ ಟೋಪಿ ಸೋರ್ತಿದೆ," ಎಂದಳು ಸಬಿನಾ.

ಡಾಕ್ಟರು ಅವಳನ್ನು ದಿಟ್ಟಿಸಿದರು. "ಹೌದಮ್ಮಾ. ಅಷ್ಟೇ. ಸರೋವರ ಯಾರನ್ನೂ ಎಳ್ಕೊಂಡಿಲ್ಲ. ಉರಿ ಆರಿಸೋ ಔಷಧಿ ಹಾಕ್ತೀವಿ. ಹೆಣಿಗೆ ಮತ್ತೆ ಬಿಗಿಯಾಗ್ಬಹುದು. ಎಷ್ಟು ಅಂತ ಮಾತ್ರ ಹೇಳಲಾರೆ."

ಹನ್ನೊಂದು ದಿನ ಹನಿಹನಿಯಾಗಿ ಔಷಧಿ ಅವನ ನರಕ್ಕೆ ಇಳಿಯಿತು. ಹನ್ನೊಂದು ದಿನ ಸಬಿನಾ ಪರದೆಯ ಹಿಂದೆ ಕುಳಿತು ದನಿಯಾಗಿಯೇ ಉಳಿದಳು. ಅವರ ದ್ವೀಪದಲ್ಲಿ ಮದುಮಗಳು ತನ್ನ ಕೂದಲನ್ನು ಸೇರಿಸಿ ಗಂಡನಿಗೆ ನಡುಪಟ್ಟಿ ನೇಯಬೇಕು. ಮದುವೆ ಆಗುತ್ತದೋ ಇಲ್ಲವೋ... ಅವಳು ಜಡೆ ಕತ್ತರಿಸಿ ನೇಯತೊಡಗಿದ್ದಳು.

ಹನ್ನೆರಡನೆಯ ದಿನ, "ಈಚೆ ಬಾರೇ ಸಬಿನಾ," ಎಂದ ಅವನು.

ಅವಳು ನೇಯ್ಗೆ ಕೆಳಗಿಟ್ಟಳು. 'ದೇವರೇ, ಮತ್ತೆ ಆ ನೋಟ ಬೇಡ...'

ಅವಳು ಪರದೆ ಸರಿಸಿದಳು.

ಕಾಸಿಯಾನೊ ನೋಡಿದ. ನೋಡುತ್ತಲೇ ಇದ್ದ. ರೆಪ್ಪೆ ಮಿಟುಕಲಿಲ್ಲ. ಅವಳಿಗೆ ಅರಿವಿಲ್ಲದೆಯೇ ಕಣ್ಣು ತನ್ನ ಕಾಲಿನತ್ತ ಹೋಯಿತು.

"ಸಬಿನಾ... ಜಡೆ ಎಲ್ಲೇ?"

ಅವಳು ನಕ್ಕಳೋ ಅತ್ತಳೋ ಅವಳಿಗೇ ತಿಳಿಯಲಿಲ್ಲ. ಕದ್ದ ಮುಖದ ಜಡೆಯನ್ನು ಯಾರು ಹುಡುಕುತ್ತಾರೆ!

ಬಿತ್ತನೆಯ ತಿಂಗಳಲ್ಲಿ ಕಾಸಿಯಾನೊ ಮತ್ತೆ ಹೆಣ್ಣು ಕೇಳಲು ಹೊಸ ಟೋಪಿ ಹೆಣೆದು ತಂದ. ಬೆರಳುಗಳು ಇನ್ನೂ ನಡುಗುತ್ತಿದ್ದವು. ಫಾಬಿಯಾನ್ ಈ ಸಲ ಬುಗ್ಗೆಯವರೆಗೆ ಏರಿ ನೀರು ತಂದಿದ್ದ. ಟೋಪಿಯ ತುದಿಯಲ್ಲಿ ಒಂದು ಹನಿ ದುಂಡಗಾಗಿ ನಿಂತು, ಕೆಳಗೆ ಬಿತ್ತು.

"ಸೋರ್ತಲ್ಲಯ್ಯಾ..." ಫಾಬಿಯಾನ್ ತಡವರಿಸಿದ.

ಸಬಿನಾ ಅಂಗೈ ಚಾಚಿ ಎರಡನೆಯ ಹನಿಯನ್ನು ಹಿಡಿದಳು. "ನಾನು ಹಿಡ್ಕೋತೀನಿ ಅಂದಿದ್ದೆನಪ್ಪಾ."

ಸಂಜೆ ಇಬ್ಬರೂ ದಡದಲ್ಲಿ ಕುಳಿತರು. ಅವನ ಸೊಂಟದಲ್ಲಿ ಅವಳ ಕೂದಲಿನ ಪಟ್ಟಿ ಇತ್ತು.

"ಆ ಇನ್ನೊಬ್ಬಳು..." ಎಂದ ಕಾಸಿಯಾನೊ ನೀರನ್ನೇ ನೋಡುತ್ತ. "ಗಂಜಿ ಹಿಡ್ಕೊಂಡು ದಿನಾ ಬರೋಳು. ಅಳ್ತಿದ್ಲು ಕಣೇ. ಯಾಕೆ ಅಂತ ಒಂದ್ಸಲನೂ ಕೇಳ್ಲಿಲ್ಲ ನಾನು."

ಸಬಿನಾ ಅವನ ಮುಖವನ್ನು ತನ್ನತ್ತ ತಿರುಗಿಸಿಕೊಂಡಳು.

"ಈಗ ಕೇಳು."