ಗಾಜಿನ ಆಚೆಯ ಉಸಿರು

ಟೂವೂಂಬಾ ಊರಿನ ನಮ್ಮ ಮನೆ ಎತ್ತರದ ಮರದ ಕಂಬಗಳ ಮೇಲೆ ನಿಂತಿದೆ. ಮಗಳು ಬ್ರೈಡಿಯ ಕೋಣೆಯ ಕಿಟಕಿಯನ್ನು ಹೊರಗಿನಿಂದ ಮುಟ್ಟಲು ಏಣಿಯೇ ಬೇಕು. ಆದರೂ ಚಳಿಗಾಲದ ಬೆಳಿಗ್ಗೆ ಆ ಗಾಜಿನ ಕೆಳಮೂಲೆಯಲ್ಲಿ, ಯಾರೋ ಉಸಿರು ಬಿಟ್ಟಂತೆ, ಅಂಗೈಯಗಲ ಮಂಜು ಕಟ್ಟಿರುತ್ತಿತ್ತು. ಒಳಗಿನಿಂದ ಎಷ್ಟು ಒರೆಸಿದರೂ ಹೋಗುತ್ತಿರಲಿಲ್ಲ, ಅದು ಹೊರಗಿತ್ತು. ಅದು ಆಚೆ ನಿಂತ ಹುಡುಗನೊಬ್ಬನ ಉಸಿರೆಂದು ನಂಬಿದ್ದ ಬ್ರೈಡಿ ಅವನಿಗೆ ದಿನಾ ಗುಡ್ ಮಾರ್ನಿಂಗ್ ಹೇಳುತ್ತಿದ್ದಳು.

ಹೋದ ಜುಲೈನಲ್ಲಿ, ಇಲ್ಲಿನ ನಡು ಚಳಿಗಾಲದಲ್ಲಿ, ಅವಳದೇ ಕ್ರಿಕೆಟ್ ಚೆಂಡು ಬಡಿದು ಗಾಜು ಒಡೆಯಿತು. "ಇನ್ನು ಅವನು ಬರಲ್ಲ" ಎಂದು ಅತ್ತು ಊಟ ಬಿಟ್ಟಳು.

ನನ್ನ ಗಂಡ ಕ್ಲೆಮ್ ಏಣಿ ಹತ್ತಿ, ಚೌಕಟ್ಟಿಗೆ ಗಾಜು ಕೂರಿಸುವ ಪುಟ್ಟಿ ಮೆತ್ತಿ, ಹೊಸ ಗಾಜನ್ನು ಎತ್ತಿ ಹಿಡಿದ. ಒಳಗಿನಿಂದ ಬ್ರೈಡಿ ಕೂಗಿದಳು: "ಅಪ್ಪಾ, ತಡಿ! ಮೊದ್ಲು ಅವನು ಒಳಗೆ ಬರ್ಲಿ. ಹೊರಗೆ ಚಳಿ."

"ಬೇಗ ಬರೋಕೆ ಹೇಳೇ ಮಹಾರಾಯ್ತಿ, ಕೈ ಬಿದ್ದೋಗ್ತಿದೆ!"

"ನಗ್ಬೇಡ, ನಾಚ್ಕೋತಾನೆ."

ಕ್ಲೆಮ್ ನಗು ನುಂಗಿ, ಏಣಿಯ ಮೇಲೇ ಪಕ್ಕಕ್ಕೆ ವಾಲಿ ದಾರಿ ಬಿಟ್ಟ. ಪರದೆ ಅಲುಗಲಿಲ್ಲ. ಒಳಗೆ ಬ್ರೈಡಿಯ ಪಕ್ಕ ನಿಂತಿದ್ದ ನನ್ನ ಮೊಣಕಾಲಿಗೆ ಮಾತ್ರ ತಣ್ಣಗೇನೋ ಸವರಿ ಹೋದಂತಾಯಿತು.

"ಈಗ ಹಾಕಪ್ಪಾ" ಎಂದಳು ಬ್ರೈಡಿ. ಆ ದಿನ ಎರಡೆರಡು ಸಲ ಬಡಿಸಿಕೊಂಡು ಉಂಡಳು.

ಮರುದಿನ ಅವಳು ಶಾಲೆಗೆ ಹೋದ ಮೇಲೆ ಹಾಸಿಗೆ ಸರಿಪಡಿಸುತ್ತ ನೋಡಿದೆ. ಹೊಸ ಗಾಜಿನ ಅದೇ ಮೂಲೆಯಲ್ಲಿ ಅಂಗೈಯಗಲ ಮಂಜು. ಅಭ್ಯಾಸಬಲದಿಂದ ಒರೆಸಿದೆ. ಈ ಸಲ ಒಳಗಿನಿಂದಲೇ ಅಳಿಸಿಹೋಯಿತು, ಬಟ್ಟೆ ಒದ್ದೆಯಾಯಿತು.

"ತಪ್ಪಾಯ್ತು ಕಂದ" ಎಂದೆ.

ಒರೆಸಿದ ಜಾಗ ನನ್ನ ಕಣ್ಣೆದುರೇ ಮೆಲ್ಲಗೆ ಮತ್ತೆ ಮಸುಕಾಯಿತು.