ಗ್ಯಾರೇಜಿನಲ್ಲಿ ಬಾಯಿ ಮುಚ್ಚುವ ಕಾರು

"ಈಗಲಾದ್ರೂ ಕೇಳಿಸ್ತಾ?" ತಾತ ಕೇಳಿದರು.

"ಇಲ್ಲ ಸಾರ್." ಗ್ಯಾರೇಜ್ ಆಂಟಿ ಬಾಗಿಲು ಹಿಡಿದುಕೊಂಡು ಕಷ್ಟಪಟ್ಟು ಕಾರಿನಿಂದ ಇಳಿದರು. "ಮೇನ್ ರೋಡ್ ಪೂರ್ತಿ ಓಡಿಸಿದ್ರಲ್ಲ, ಒಂದು ಚೂರೂ ಸದ್ದಿಲ್ಲ. ಬೆಣ್ಣೆ ಹಂಗೆ ಹೋಯ್ತು."

ಗ್ಯಾರೇಜಿನ ಬಾಗಿಲಲ್ಲಿ ಹಳೇ ಟೈರಿನ ಮೇಲೆ ಕೂತಿದ್ದ ಮೊಮ್ಮಗಳು ಕಡ್ಡಿ ಎರಡೂ ಕೈಯಿಂದ ತಲೆ ಹಿಡಿದುಕೊಂಡಳು. "ಅಯ್ಯೋ, ಮತ್ತೆ ಅದೇನಾ!"

ಅದು ತಾತನ ಕೆಂಪು ಸ್ಪೋರ್ಟ್ಸ್ ಕಾರು. ಅಮ್ಮನಿಗಿಂತ ವಯಸ್ಸಿನಲ್ಲಿ ದೊಡ್ಡದು. ಇರುವುದು ಎರಡೇ ಸೀಟು. ಹಾಗಾಗಿ ತಾತ ಮತ್ತು ಆಂಟಿ ಸದ್ದು ಹುಡುಕಲು ಹೊರಟಾಗಲೆಲ್ಲ ಕಡ್ಡಿ ಇಲ್ಲಿ ಕೂತು ಸೊಳ್ಳೆ ಹೊಡೆಯಬೇಕು. ಅವರು ವಾಪಸ್ ಬಂದು ಹೇಳುವುದು ಒಂದೇ ಮಾತು: ಸದ್ದಿಲ್ಲ.

ಆದರೆ ಸದ್ದಿತ್ತು! ದಿನಾ ಸ್ಕೂಲಿಗೆ ಹೋಗುವಾಗ ಬರುತ್ತಿತ್ತು. ಕಾರು ಸ್ವಲ್ಪ ವೇಗ ಹಿಡಿದ ಕೂಡಲೇ ಸೀಟಿನ ಅಡಿಯಿಂದ 'ಗುಂಯ್... ಗುಂಯ್... ಗುಂಯ್...' ಎಂದು ಶುರುವಾಗುತ್ತಿತ್ತು. ಕಡ್ಡಿಯ ಅಂಗಾಲಿಗೆ ಕಚಗುಳಿ ಇಟ್ಟಂತಾಗುತ್ತಿತ್ತು. ತಾತ ಗೇರ್ ತೆಗೆದು ಕಾರನ್ನು ಸುಮ್ಮನೆ ಉರುಳಲು ಬಿಟ್ಟರೂ ಅದು ನಿಲ್ಲುತ್ತಿರಲಿಲ್ಲ.

"ಅಂದ್ರೆ ಎಂಜಿನ್ ಸದ್ದಲ್ಲ," ಎಂದಿದ್ದರು ತಾತ. "ಎಂಜಿನ್ನಿಂದ ಹಿಂದಿನ ಚಕ್ರಕ್ಕೆ ತಿರುಗೋ ಒಂದು ಉದ್ದ ಕಂಬಿ, ಶಾಫ್ಟ್ ಅಂತ, ಹೋಗುತ್ತೆ ನೋಡು, ಅಲ್ಲೇ ಎಲ್ಲೋ ಇದೆ ಈ ಕಳ್ಳ."

ಆ ಕಳ್ಳ ಮಾತ್ರ ಗ್ಯಾರೇಜ್ ಕಂಡರೆ ಬಾಯಿ ಮುಚ್ಚುತ್ತಿತ್ತು. ಮೊದಲ ಸಲ ಆಂಟಿ ನಟ್ಟುಗಳನ್ನೆಲ್ಲ ಬಿಗಿ ಮಾಡಿದರು. ಎರಡನೇ ಸಲ ಶಾಫ್ಟಿನ ಜಾಯಿಂಟನ್ನೇ ಬದಲಾಯಿಸಿದರು. ಮಾರನೇ ದಿನ ಸ್ಕೂಲಿನ ದಾರಿಯಲ್ಲಿ ಮತ್ತೆ 'ಗುಂಯ್'.

ಇವತ್ತು ಶನಿವಾರ, ಸ್ಕೂಲಿಗೆ ರಜೆ. ಬೆಳಿಗ್ಗೆ ಅಮ್ಮನ ತಾಳ್ಮೆ ಮುಗಿದಿತ್ತು.

"ಅಪ್ಪಾ, ಗ್ಯಾರೇಜಿನವರಿಗೇ ಕೇಳಿಸದ ಸದ್ದು ನಿಮಗೆ ಕೇಳಿಸುತ್ತೆ. ಮೊನ್ನೆ ಯಾರೂ ಬೆಲ್ ಮಾಡ್ದೇ ಇದ್ರೂ ಹೋಗಿ ಬಾಗಿಲು ತೆಗೆದ್ರಿ. ನನಗೆ ಭಯ ಆಗುತ್ತಪ್ಪಾ. ಇವತ್ತೂ ಅವರು ಸದ್ದಿಲ್ಲ ಅಂದ್ರೆ ಕೀ ನನಗೆ ಕೊಟ್ಬಿಡಿ. ಇವಳು ಸೋಮವಾರದಿಂದ ವ್ಯಾನಲ್ಲಿ ಹೋಗ್ಲಿ."

"ನನಗೂ ಕೇಳಿಸುತ್ತಮ್ಮಾ!" ಎಂದು ಕಡ್ಡಿ ಕೂಗಿದ್ದಳು.

"ನೀನು ಬಿಡು, ತಾತ ಏನಂದ್ರೂ ಹೂಂ ಅಂತೀಯ."

ಆ ಮಾತಿಗೆ ಬಂದ ಕೋಪ ಕಡ್ಡಿಗೆ ಇನ್ನೂ ಇಳಿದಿರಲಿಲ್ಲ.

ಆಂಟಿ ತಾತನ ಮುಖ ನೋಡಿದರು. ಒಂದು ಸ್ಟೂಲನ್ನು ಬಟ್ಟೆಯಿಂದ ಒರೆಸಿ ಮುಂದಿಟ್ಟರು. ಟೇಬಲ್ ಫ್ಯಾನನ್ನು ಅವರ ಕಡೆ ತಿರುಗಿಸಿದರು.

"ಕೆಲವು ಸದ್ದಿಗೆ ನಾಚಿಕೆ ಜಾಸ್ತಿ ಸಾರ್. ಹೊಸಬರ ಮುಂದೆ ಹೊರಗೆ ಬರಲ್ಲ. ಏಯ್ ಕಡ್ಡಿ, ಬಾ ಇಲ್ಲಿ. ನಾನು ಓಡಿಸ್ತೀನಿ, ನೀನು ಪಕ್ಕದಲ್ಲಿ ಕೂತ್ಕೋ. ಸದ್ದು ಬಂದ ತಕ್ಷಣ ನನ್ನ ಭುಜ ತಟ್ಟು."

ಕಡ್ಡಿ ಓಡಿ ಬಂದು ಕೂತಳು. ಆಂಟಿ ಸ್ಟೀರಿಂಗಿನ ಹಿಂದೆ ಹೇಗೋ ತೂರಿಕೊಂಡರು.

ಮೇನ್ ರೋಡಿಗೆ ಬಂದರು. ವೇಗ ಏರಿತು. ಕಡ್ಡಿ ಬಗ್ಗಿ ಕಿವಿಯನ್ನು ಮೊಣಕಾಲಿಗೆ ತಾಗಿಸಿಕೊಂಡಳು. ಬಾ, ಬಾ, ಈಗ ಬಾ!

ಗಾಳಿ ಬಂತು. ಹಾರ್ನ್ ಹೊಡೆಯುತ್ತಾ ಒಂದು ಬಸ್ಸು ಬಂತು. 'ಗುಂಯ್' ಮಾತ್ರ ಬರಲಿಲ್ಲ.

ಸುಮ್ಮನೆ ತಟ್ಟಿಬಿಡಲಾ ಅನಿಸಿತು ಅವಳಿಗೆ. ಒಂದೇ ಒಂದು ಸಲ ತಟ್ಟಿದರೆ ಸಾಕು, ಆಂಟಿ ನಂಬುತ್ತಾರೆ, ಅಮ್ಮ ನಂಬುತ್ತಾಳೆ. ಕೈ ಭುಜದ ತನಕ ಹೋಯಿತು. ಆದರೆ ಹಾಗೆ ಮಾಡಿದರೆ ಅಮ್ಮ ಹೇಳಿದ್ದೇ ನಿಜವಾಗುತ್ತದಲ್ಲ? ಕಡ್ಡಿ ಕೈಯನ್ನು ಎಳೆದುಕೊಂಡು ತೊಡೆಯ ಕೆಳಗೆ ಇಟ್ಟು ಕೂತಳು.

ಗ್ಯಾರೇಜಿಗೆ ಬಂದಾಗ ತಾತ ಸ್ಟೂಲಿನಿಂದ ಎದ್ದು ನಿಂತಿದ್ದರು. "ಏನಾಯ್ತು ಪುಟ್ಟಾ?"

"ಬರ್ಲಿಲ್ಲ ತಾತ."

"ನಿನಗೂ ಕೇಳಿಸ್ಲಿಲ್ವಾ?"

ಅವಳು ತಲೆ ಅಲ್ಲಾಡಿಸಿದಳು. ತಾತ ಕನ್ನಡಕ ತೆಗೆದು ಒರೆಸಿದರು. ಅದು ಸ್ವಚ್ಛವಾಗಿಯೇ ಇತ್ತು. "ಹಾಗಾದ್ರೆ ನಿಮ್ಮಮ್ಮ ಹೇಳಿದ್ದೇ ಸರಿ ಇರಬೇಕು ಬಿಡು," ಎಂದರು.

"ದರಿದ್ರ ಕಾರು!" ಕಡ್ಡಿ ಟೈರಿಗೆ ಒದ್ದಳು. ಕಾಲಿಗೇ ನೋವಾಯಿತು. ಅದಕ್ಕೂ ಸೇರಿಸಿ ಇನ್ನೊಂದು ಸಲ ಬೈದಳು.

"ಒಂದ್ನಿಮಿಷ, ಉಸಿರು ತಗೋತೀನಿ," ಎಂದು ಆಂಟಿ ಕಾರಿನ ಹಿಂಭಾಗದ ಮೇಲೆ ಒರಗಿ ಕೂತರು. ಕಾರು 'ಕುಯ್' ಎಂದು ಕೆಳಗೆ ಇಳಿಯಿತು. ಅವರು ನೀರಿನ ಬಾಟಲಿಗಾಗಿ ಎದ್ದರು. ಕಾರು ಮೇಲೆದ್ದಿತು.

ಕಡ್ಡಿ ಕಾಲುಜ್ಜುವುದನ್ನು ನಿಲ್ಲಿಸಿದಳು. ತಾತ ಕಡ್ಡಿಯಂತೆಯೇ ಸಣಕಲು. ಅವರಿಬ್ಬರು ಕೂತರೆ ಕಾರಿಗೆ ಗೊತ್ತೇ ಆಗುವುದಿಲ್ಲ.

ಆದರೆ ಇದನ್ನು ಹೇಳುವುದು ಹೇಗೆ? ಯಾರ ಮೈಯ ಬಗ್ಗೆಯೂ ಆಡಬಾರದು ಎಂದು ಅಮ್ಮ ಸಾವಿರ ಸಲ ಹೇಳಿದ್ದಾಳೆ. ಕ್ಲಾಸಿನಲ್ಲಿ ತನ್ನನ್ನು 'ಕಡ್ಡಿ, ಕಡ್ಡಿ' ಎಂದು ರೇಗಿಸಿದಾಗ ಹೇಗಾಗುತ್ತದೆ ಎಂದೂ ಅವಳಿಗೆ ಗೊತ್ತು. ಅಷ್ಟರಲ್ಲಿ ತಾತ ಕಾರಿನೊಳಗೆ ಬಗ್ಗಿ ಕೀ ತೆಗೆದುಕೊಂಡರು. ಅಮ್ಮನಿಗೆ ಕೊಡಲು.

"ಆಂಟಿ, ನೀವು ದಪ್ಪ ಇದ್ದೀರಿ!" ಮಾತು ಹಾರಿಯೇಬಿಟ್ಟಿತು.

"ಏಯ್!" ತಾತ ಗದರಿದರು.

ಆಂಟಿ ಬಾಟಲಿಯ ಮುಚ್ಚಳ ಹಾಕಿದರು. "ಇದನ್ನ ಕಂಡುಹಿಡಿಯೋಕೆ ಮೂರು ಸಲ ಗ್ಯಾರೇಜಿಗೆ ಬರ್ಬೇಕಿತ್ತಾ? ನಮ್ಮನೇಲೂ ಕನ್ನಡಿ ಇದೆ ಮಾರಾಯ್ತಿ."

"ಹಂಗಲ್ಲ ಆಂಟಿ!" ಕಡ್ಡಿಗೆ ಅಳು, ಸಿಟ್ಟು ಎರಡೂ ಒಟ್ಟಿಗೆ ಬಂದವು. "ನೀವು ಕೂತ್ರೆ ಕಾರು ಕೆಳಗೆ ಹೋಗುತ್ತೆ. ನಾನೂ ತಾತನೂ ಕೂತ್ರೆ ಹೋಗಲ್ಲ. ನಾವಿಬ್ರೇ ಇದ್ದಾಗ ಮಾತ್ರ ಸದ್ದು ಬರೋದು!"

ಆಂಟಿ ಕಾರಿನ ಹಿಂಭಾಗವನ್ನು ನೋಡಿದರು. ಕೈಯಿಂದ ಒತ್ತಿ ನೋಡಿದರು. ಮತ್ತೆ ಒತ್ತಿದರು.

"ಸಾರ್, ಈ ಹಿಂದಿನ ಸ್ಪ್ರಿಂಗ್ ಹೊಸದಾ?"

"ಹೌದು. ಹಳೇದು ಜೋತುಬಿದ್ದಿತ್ತು, ನಾನೇ ಮನೇಲಿ ಬದಲಾಯಿಸಿದೆ."

"ಸದ್ದು ಶುರುವಾಗಿದ್ದು ಅದಕ್ಕೆ ಮುಂಚೆನಾ, ಆಮೇಲಾ?"

ತಾತ ಬೆರಳು ಮಡಚಿ ದಿನ ಎಣಿಸಿದರು. "...ಆಮೇಲೆ."

ಆಂಟಿ ತಮ್ಮ ತೋಳನ್ನು ಚಾಚಿ ತೋರಿಸಿದರು. "ಇದು ಶಾಫ್ಟ್ ಅಂದ್ಕೋ ಕಡ್ಡಿ. ಇಲ್ಲಿ ಮಣಿಕಟ್ಟಿನ ಹಂಗೆ ಒಂದು ಜಾಯಿಂಟ್. ಹೊಸ ಸ್ಪ್ರಿಂಗ್ ಗಟ್ಟಿ, ಕಾರಿನ ಹಿಂಭಾಗ ಎತ್ತರಕ್ಕೆ ನಿಂತಿದೆ. ಮಣಿಕಟ್ಟು ಜಾಸ್ತಿ ಬಾಗಿದೆ. ಹಂಗೆ ಬಾಗಿಸ್ಕೊಂಡೇ ಜೋರಾಗಿ ತಿರುಗಿದ್ರೆ ಗೊಣಗಲ್ವಾ? ನಾನು ಕೂತ್ರೆ ಕಾರು ಇಳಿಯುತ್ತೆ, ಶಾಫ್ಟ್ ನೆಟ್ಟಗಾಗುತ್ತೆ, ಬಾಯಿ ಮುಚ್ಕೊಳ್ಳುತ್ತೆ!"

"ಛೆ, ನಾನೇ ಮಾಡ್ಕೊಂಡ ಕೆಲಸ," ತಾತ ಹಣೆ ಚಚ್ಚಿಕೊಂಡರು.

"ಎರಡು ಸಲ ಅದರ ಕೆಳಗೇ ಮಲಗಿದ್ದೆ ಸಾರ್, ನನಗೇನು ಹೊಳೀತಾ?" ಎಂದರು ಆಂಟಿ.

ಆಂಟಿ ಜಾಯಿಂಟಿನ ಬಾಗು ಕಡಿಮೆಯಾಗಲೆಂದು ಸ್ಪ್ರಿಂಗ್ ಕೂರುವ ಕಡೆ ಓರೆಯಾದ ಎರಡು ಕಬ್ಬಿಣದ ತುಂಡುಗಳನ್ನು ಕೂರಿಸಿ ಬಿಗಿ ಮಾಡುವ ಹೊತ್ತಿಗೆ ಮಧ್ಯಾಹ್ನವಾಯಿತು. "ಈಗ ನೀವಿಬ್ರೇ ಹೋಗಿ. ನಾನು ಬಂದ್ರೆ ಪರೀಕ್ಷೆ ಕೆಡುತ್ತೆ," ಎಂದು ಗೇಟಿನ ಹತ್ತಿರವೇ ನಿಂತರು.

ಮೇನ್ ರೋಡಿನಲ್ಲಿ ವೇಗ ಏರಿತು. ಅಂಗಾಲಿಗೆ ಕಚಗುಳಿ ಆಗಲಿಲ್ಲ. ತಾತ ಮನೆಯ ಕಡೆ ತಿರುಗದೆ ಅಮ್ಮ ಕೆಲಸ ಮಾಡುವ ಬ್ಯಾಂಕಿನ ಮುಂದೆ ಕಾರು ನಿಲ್ಲಿಸಿದರು.

ಊಟದ ಬಿಡುವಿಗೆ ಹೊರಬಂದ ಅಮ್ಮ ಕಾರು ನೋಡಿ ನಿಂತಳು. ಕಡ್ಡಿ ಕೆಳಗಿಳಿದು ಬಾಗಿಲು ತೆರೆದು ಹಿಡಿದಳು. "ನೀನು ಕೂತ್ಕೋ ಅಮ್ಮ. ಒಂದು ರೌಂಡ್ ಹೋಗಿ ಬಾ."

ಕಾರು ತಿರುವಿನಲ್ಲಿ ಮರೆಯಾಯಿತು. ತುಸು ಹೊತ್ತಿನ ಮೇಲೆ ವಾಪಸ್ ಬಂತು. ಅಮ್ಮನ ಕೂದಲೆಲ್ಲ ಗಾಳಿಗೆ ಕೆದರಿತ್ತು. ಕಡ್ಡಿ ಸ್ಪ್ರಿಂಗು, ಶಾಫ್ಟು, ಮಣಿಕಟ್ಟು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಲು ತಯಾರಾಗಿದ್ದಳು.

"ತಾತ ಎಲ್ಲಾ ಹೇಳಿದ್ರು," ಎಂದಳು ಅಮ್ಮ ಮೆಲ್ಲಗೆ. "ನೀನೇ ಕಂಡುಹಿಡಿದೆ ಅಂತಲೂ ಹೇಳಿದ್ರು."

ಅವಳು ಇಳಿಯಲಿಲ್ಲ. ಗಾಳಿಗೆ ಮಡಚಿಕೊಂಡಿದ್ದ ತಾತನ ಶರ್ಟಿನ ಕಾಲರನ್ನು ಸರಿಮಾಡಿದಳು. ಸರಿಯಾದ ಮೇಲೂ ಅವಳ ಕೈ ಅಲ್ಲೇ ಇತ್ತು.

"ಸೋಮವಾರ ಇವಳಿಗೆ ಸ್ಕೂಲ್ ಬೇಗ ಇದೆ ಅಪ್ಪ," ಎಂದಳು. "ಲೇಟ್ ಮಾಡ್ಬೇಡಿ."

"ನಾನ್ಯಾವತ್ತು ಲೇಟ್ ಮಾಡಿದ್ದೀನಿ? ಇವಳೇ ಶೂ ಹುಡುಕ್ತಾ ಕೂರೋದು!"

ಅದು ಅನ್ಯಾಯದ ಮಾತು. ಬೇರೆ ದಿನವಾಗಿದ್ದರೆ ಕಡ್ಡಿ ಜಗಳ ತೆಗೆಯುತ್ತಿದ್ದಳು. ಈಗ ಅಮ್ಮನ ಕೈಯನ್ನು ನೋಡಿದಳು, ತಾತನ ಮುಖವನ್ನು ನೋಡಿದಳು.

"ಹೌದಮ್ಮ," ಎಂದಳು. "ನಾನೇ."